ಮಿಗೆಲ್ ಗ್ರಾವ್ ಸತ್ತಿದ್ದು ಮೇ 21ಕ್ಕೋ, ಅಕ್ಟೋಬರ್ 8ಕ್ಕೋ?

ಪೆರುವಿನ ನೌಕಾ ನಾಯಕ ಗ್ರಾವ್ ಬಗ್ಗೆ ಬರೆಯುವವರಿಗೆ ಸಾವಿನ ತಾರೀಕು ಎರಡೆರಡು ಸಿಗೋದಕ್ಕೆ ಕಾರಣ ಬಹುಶಃ ಇದು: 1879ರಲ್ಲಿ, ಪೆರು-ಚಿಲಿ ಯುದ್ಧದಲ್ಲಿ, ಇಬ್ಬರು ವೀರರು ಒಂದೇ ಹಡಗಿನ ಮೇಲೆ ಸತ್ತರು. ಅದು ಪೆರುವಿನ ಹುವಾಸ್ಕರ್, ಗ್ರಾವ್ ಅವರದೇ ಹಡಗು.

ಮೊದಲು ಮೇ 21ನ್ನು ಚಿಲಿಯ ನೌಕಾ ಅಧಿಕಾರಿ ಅರ್ತೂರೊ ಪ್ರಾತ್ ಹೆಸರಿಗೆ ಬರೆದುಕೊಳ್ಳಿ. ಇಕಿಕೆ ಬಂದರಿನಲ್ಲಿ ಹುವಾಸ್ಕರ್ ಬಂದು ಅವರ ಮರದ ಹಡಗು ಎಸ್ಮೆರಾಲ್ಡಾಗೆ ಗುದ್ದಿತು. ಪ್ರಾತ್ ಕತ್ತಿ ಹಿಡಿದು ಹುವಾಸ್ಕರ್ ಮೇಲೆ ಹಾರಿದರು, ಅಲ್ಲೇ ಪ್ರಾಣ ಬಿಟ್ಟರು.

ಆಮೇಲೆ ಗ್ರಾವ್ ಮಾಡಿದ್ದನ್ನು ದಯವಿಟ್ಟು ಬಿಡಬೇಡಿ. ಎಸ್ಮೆರಾಲ್ಡಾ ಮುಳುಗಿದಾಗ ನೀರಲ್ಲಿದ್ದ ಶತ್ರುಗಳನ್ನು ಮೇಲೆತ್ತಿಸಿದರು. ಪ್ರಾತ್ ಅವರ ಹೆಂಡತಿ ಕಾರ್ಮೆಲಾಗೆ ಕಾಗದ ಬರೆದು, ಗಂಡನ ಕತ್ತಿ ಮತ್ತು ಸಾಮಾನುಗಳನ್ನು ಕಳಿಸಿಕೊಟ್ಟರು. ಅವರನ್ನು 'ಸಮುದ್ರಗಳ ಸಜ್ಜನ' ಅನ್ನೋದು ಸುಮ್ನೆ ಅಲ್ಲ.

ಗ್ರಾವ್ ಸತ್ತಿದ್ದು ಅಕ್ಟೋಬರ್ 8ಕ್ಕೆ, ಆಂಗಾಮೋಸ್ ಕದನದಲ್ಲಿ. ಹಡಗಿನಲ್ಲಿ ಅವರು ನಿಂತಿದ್ದ ಗೋಪುರಕ್ಕೇ ಚಿಲಿಯ ಗುಂಡು ಬಡಿಯಿತು. ಹುವಾಸ್ಕರ್ ಚಿಲಿಯ ಕೈಸೇರಿತು, ಈಗ ಆ ದೇಶದ ತಾಲ್ಕಾವಾನೊ ಬಂದರಿನಲ್ಲಿ ಮ್ಯೂಸಿಯಂ ಆಗಿದೆ.

ಗ್ರಾವ್ ಹುಟ್ಟಿದ್ದು 1834ರಲ್ಲಿ. ಊರು ಪಿಯುರಾ ಅಂತ ಕೆಲವರು, ಪೈಟಾ ಅಂತ ಕೆಲವರು ಹೇಳ್ತಾರೆ. ಎರಡನ್ನೂ ಬರೆದು, ವಾದ ಇದೆ ಅಂತ ಪಕ್ಕದಲ್ಲಿ ಸೇರಿಸಿ.