ಬೀರು ತೆರೆದೊಡನೆ ಬರುವ ಸಿಟ್ಟು

ದಿನವೂ ಬೆಳಿಗ್ಗೆ ಮಗಳ ಮೇಲೆ ರೇಗಾಡುತ್ತೇನೆ, ಆಮೇಲೆ ಬಸ್ಸಿನಲ್ಲಿ ಕುಳಿತು ಕೊರಗುತ್ತೇನೆ ಎಂದು ಹೇಳಿಕೊಂಡು ಒಬ್ಬ ಮಹಿಳೆ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. ವಯಸ್ಸು ನಲವತ್ತು ದಾಟಿದೆ. ಮನೆ ಚಿಕ್ಕಮಗಳೂರಿನಲ್ಲಿ, ಕೆಲಸ ಮೂಡಿಗೆರೆ ಕಡೆಯ ಒಂದು ಕಚೇರಿಯಲ್ಲಿ. ತಿಂಡಿ, ಊಟದ ಡಬ್ಬಿ, ಅತ್ತೆಯ ಮಾತ್ರೆ ಎಲ್ಲ ಮುಗಿಸಿ ಬಸ್ಸು ಹಿಡಿಯಬೇಕು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ.)

ಸಿಟ್ಟು ಯಾವ ಗಳಿಗೆಯಲ್ಲಿ ಏರುತ್ತದೆ ಎಂದು ವಿಚಾರಿಸುತ್ತ ಹೋದಾಗ ಮಾತು ಬಟ್ಟೆಯ ಬೀರುವಿಗೆ ಬಂದು ನಿಂತಿತು. ಬಾಗಿಲು ತೆಗೆದರೆ ಬಟ್ಟೆ ಕಾಲ ಮೇಲೆ ಬೀಳುತ್ತದೆ. ಉಡಬೇಕೆಂದ ಸೀರೆಗೆ ರವಿಕೆ ಸಿಗುವುದಿಲ್ಲ, ಸಿಕ್ಕ ರವಿಕೆ ತೋಳಿಗೆ ಏರುವುದಿಲ್ಲ. ಕೊನೆಗೆ ಕುರ್ಚಿಯ ಮೇಲಿದ್ದ ಅದೇ ಚೂಡಿದಾರ್ ಹಾಕಿಕೊಂಡು ಓಡುತ್ತಾರೆ. "ಇಷ್ಟೊಂದು ತುಂಬಿಕೊಂಡು ಉಡಲು ಏನೂ ಇಲ್ಲ ಎನ್ನುತ್ತೀಯಲ್ಲ" ಎಂದು ಪತಿ. "ನಾನು ಸೋಮಾರಿ ಮೇಡಂ, ಒಂದು ಬೀರುವನ್ನೂ ನೆಟ್ಟಗೆ ಇಟ್ಟುಕೊಳ್ಳಲು ಬಾರದವಳು" ಎಂದು ಅವರು ಅತ್ತುಬಿಟ್ಟರು.

ಮೊಬೈಲ್‌ನಲ್ಲಿ ಯಾವುದೋ ವಿಡಿಯೊ ನೋಡಿ ಇನ್ನೊಂದು ಭಯವನ್ನೂ ಹಚ್ಚಿಕೊಂಡಿದ್ದರು. ಯಾವುದನ್ನೂ ಎಸೆಯಲಾಗದೆ, ಅಡುಗೆಮನೆ ಮಲಗುವ ಕೋಣೆಗಳೇ ಬಳಕೆಗೆ ಬಾರದಂತೆ ತುಂಬಿಹೋಗುವ ಒಂದು ಮಾನಸಿಕ ಕಾಯಿಲೆ ಇದೆ. ಅಮೆರಿಕದ ಮನೋವೈದ್ಯರ ಸಂಘ ತನ್ನ 2013ರ ಕೈಪಿಡಿಯಲ್ಲಿ ಅದನ್ನು ಪ್ರತ್ಯೇಕ ಕಾಯಿಲೆ ಎಂದು ಸೇರಿಸಿತು. ಇವರದು ಅದಲ್ಲ, ಮನೆಯ ಉಳಿದೆಲ್ಲ ಮೂಲೆಗಳೂ ಅಚ್ಚುಕಟ್ಟಾಗಿಯೇ ಇದ್ದವು. ನಿದ್ದೆ, ಹಸಿವು, ಇಷ್ಟದ ಕೆಲಸಗಳ ಮೇಲಿನ ಆಸಕ್ತಿ ಹೇಗಿದೆ ಎಂದು ಕೇಳಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಕಂಡಿದ್ದರೆ ಬೀರುವಿನ ಮಾತು ಬಿಟ್ಟು ಮೊದಲು ಮನೋವೈದ್ಯರ ಬಳಿಗೆ ಕಳಿಸುತ್ತಿದ್ದೆ. ಹಾಗೆ ಅನುಮಾನವಿರುವವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಏನನ್ನೂ ಹೊರಗೆ ತೆಗೆಯದೆ, ಯಾವ ಅರೆಯಲ್ಲಿ ಏನಿದೆ ಎಂದಷ್ಟೇ ಬರೆದುಕೊಂಡು ಬರಲು ಹೇಳಿದೆ. ಅವರು ಓದಿದ ಚೀಟಿಯೇ ಎಲ್ಲವನ್ನೂ ಹೇಳಿತು. ಅರಿಶಿನ ಕುಂಕುಮಕ್ಕೆ, ಗೃಹಪ್ರವೇಶಕ್ಕೆ ಹೋದಲ್ಲೆಲ್ಲ ಕೊಟ್ಟ ರವಿಕೆ ಕಣಗಳು ಎರಡು ಚೀಲ. ಮಗಳು ಹುಟ್ಟುವ ಮೊದಲು ಹೊಲಿಸಿದ ರವಿಕೆಗಳು. ನಾದಿನಿ ಕೊಟ್ಟ, ಒಮ್ಮೆಯೂ ಉಡದ ಸೀರೆಗಳು. ಕೆಳಗಿನ ಅರೆಯಲ್ಲಿ, ತಾಯಿಯ ವರ್ಷದ ಕಾರ್ಯ ಮುಗಿಸಿ ತಂದ ಅವರ ರೇಷ್ಮೆ ಸೀರೆಗಳು, ಪ್ಲಾಸ್ಟಿಕ್ ಕವರಿನಲ್ಲಿ ಹಾಗೆಯೇ.

ಕೊಟ್ಟುಬಿಟ್ಟರೆ ನಾದಿನಿ ಏನೆಂದುಕೊಳ್ಳುತ್ತಾರೆ? ನಾನು ಮತ್ತೆ ತೆಳ್ಳಗಾಗುತ್ತೇನೆಯೇ? ಅಮ್ಮನ ಸೀರೆಯನ್ನು ಆಫೀಸಿಗೆ ಉಡಬಹುದೇ? ಬಸ್ಸಿನ ಹೊತ್ತು ಮೀರುತ್ತಿರುವಾಗ ಬೀರು ಈ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಮುಂದಿಡುತ್ತಿತ್ತು. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ ಎಂದು ಅವರಿಗೆ ಗಟ್ಟಿಯಾಗಿಯೇ ಹೇಳಿದೆ.

ಇಡೀ ಬೀರುವನ್ನು ಮಂಚದ ಮೇಲೆ ಸುರಿದು ಒಂದೇ ದಿನದಲ್ಲಿ ಮುಗಿಸುವ ಯೋಚನೆ ಅವರಿಗಿತ್ತು. ಬೇಡವೆಂದೆ. ಅರ್ಧಕ್ಕೇ ಅಡುಗೆಯ ಹೊತ್ತಾಗಿ ಎಲ್ಲವೂ ಮತ್ತೆ ಒಳಗೆ ಹೋಗುತ್ತದೆ. ಅದರ ಬದಲು, ಭಾನುವಾರ ಸಂಜೆ ವಾರದ ಕಚೇರಿ ಬಟ್ಟೆಗಳನ್ನು ಮಾತ್ರ ಆರಿಸಿ, ಸೀರೆಯ ಜೊತೆಗೇ ಅದರ ರವಿಕೆ, ಲಂಗ ಸೇರಿಸಿ ಒಂದು ಕಡೆ ತೂಗುಹಾಕಬೇಕು. ಬೆಳಗಿನ ಸಿಟ್ಟಿಗೆ ಇಷ್ಟು ಸಾಕು. ಉಳಿದದ್ದಕ್ಕೆ ವಾರಕ್ಕೊಂದು ಅರೆ, ಇಪ್ಪತ್ತು ನಿಮಿಷ.

ಬಿಗಿಯಾದ ರವಿಕೆಗಳನ್ನು ದರ್ಜಿಗೆ ತೋರಿಸಲು ಹೇಳಿದೆ. ಸಾಮಾನ್ಯವಾಗಿ ಒಳಹೊಲಿಗೆಯಲ್ಲಿ ಬಟ್ಟೆ ಬಿಟ್ಟಿರುತ್ತಾರೆ, ಬಿಚ್ಚಿ ಸಡಿಲಿಸಬಹುದು. ಬಿಚ್ಚಿದರೂ ಸಾಲದವು ಮನೆಯಿಂದ ಹೊರಡಲಿ. ದಿನ ಬೆಳಗಾದರೆ ನಿಮ್ಮ ಮೈಯನ್ನು ಹಳಿಯುವ ಬಟ್ಟೆಗೆ ಜಾಗ ಕೊಡಬೇಡಿ. ಕಣಗಳಲ್ಲಿ ಹತ್ತಿಯವನ್ನು ಸೀರೆಗಳಿಗೆ ಒಪ್ಪುವಂತೆ ರವಿಕೆ ಹೊಲಿಸಿ, ಕೆಲವನ್ನು ಗೌರಿ ಹಬ್ಬದ ಬಾಗಿನಕ್ಕೆ ಇಡಿ. ನಾದಿನಿ ಕೊಟ್ಟದ್ದನ್ನು ಒಮ್ಮೆ ಅವರೆದುರೇ ಉಟ್ಟುಬಿಟ್ಟರೆ ಅರ್ಧ ಭಾರ ಇಳಿಯುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಕೊಡುವ ಮಾತೂ ಬಂತು. ಕೊಡುವುದಾದರೆ ಮೊದಲು ಬೇಕೇ ಎಂದು ಕೇಳಿ, ಒಗೆದು, ಗುಂಡಿ ಹೊಲಿದು ಕೊಡಿ ಎಂದೆ. ಹರಿದದ್ದನ್ನು ದಾನವೆಂದು ದಾಟಿಸುವುದು ನನಗೆ ಸಹಿಸದ ವಿಷಯ.

ತಾಯಿಯ ಸೀರೆಗಳ ಬಗ್ಗೆ ಸದ್ಯಕ್ಕೆ ಯಾವ ತೀರ್ಮಾನವೂ ಬೇಡವೆಂದೆ. ಆದರೆ ಮಲೆನಾಡಿನ ಮಳೆಗಾಲ ಕಾಯುವುದಿಲ್ಲ. ಪ್ಲಾಸ್ಟಿಕ್ಕಿನೊಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ, ಜರಿ ಕಪ್ಪಾಗುತ್ತದೆ, ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಬಿಸಿಲು ಬಂದ ದಿನ ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗದಿರಲಿ. ಒಬ್ಬರೇ ಮಾಡಬೇಡಿ, ಅಕ್ಕನನ್ನು ಕರೆಯಿರಿ.

ಅಕ್ಕ ಬಂದರಂತೆ. ಇಬ್ಬರೂ ಅತ್ತು, ಸೀರೆಗಳನ್ನು ಗಾಳಿಗೆ ಹಾಕಿ, ಒಂದನ್ನು ಅಕ್ಕ ಕೇಳಿ ಪಡೆದರಂತೆ. ಉಳಿದವು ಬೀರುವಿನಲ್ಲೇ ಇವೆ, ಇರಲಿ. ಈಗ ಬೆಳಿಗ್ಗೆ ಬಟ್ಟೆಗಾಗಿ ಕೂಗಾಟವಿಲ್ಲ. ಸಿಟ್ಟು ಮಾತ್ರ ಪೂರ್ತಿ ಹೋಗಿಲ್ಲ, ಏಕೆಂದರೆ ತಿಂಡಿ, ಡಬ್ಬಿ, ಮಾತ್ರೆ ಮೂರೂ ಇನ್ನೂ ಅವರೊಬ್ಬರ ತಲೆಯ ಮೇಲೆಯೇ ಇವೆ. ಮುಂದಿನ ಭೇಟಿಗೆ ಪತಿಯನ್ನೂ ಕರೆತರಲು ಹೇಳಿದ್ದೇನೆ.