ಕೊಪ್ಪಳದಿಂದ ಬೈನಾಕ್ಯುಲರ್‌ನಲ್ಲಿ ಕ್ಷುದ್ರಗ್ರಹ ಕಾಣುತ್ತದಾ? ಅದು ನಕ್ಷತ್ರವಲ್ಲ ಅಂತ ತಿಳಿಯೋದು ಹೇಗೆ?

ಕಾಣುತ್ತದೆ, ಆದರೆ ಬರೀ ಚುಕ್ಕಿಯಾಗಿ. ಫೋಟೋದಲ್ಲಿರುವ ಗುಂಡಿಬಿದ್ದ ಬಂಡೆ ಕಾಣಲ್ಲ.

ಮೊದಲು ವೆಸ್ಟಾ ಹುಡುಕಿ. ಕ್ಷುದ್ರಗ್ರಹಗಳಲ್ಲಿ ಸಾಮಾನ್ಯವಾಗಿ ಅದೇ ಜಾಸ್ತಿ ಹೊಳೆಯುವುದು. ಸುಮಾರು 16–17 ತಿಂಗಳಿಗೊಮ್ಮೆ ಸೂರ್ಯನ ಎದುರು ದಿಕ್ಕಿಗೆ ಬರುತ್ತದೆ. ಆಗ ಅದರ ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಂಕು) 6ರ ಆಸುಪಾಸು. 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಧಾರಾಳ ಸಾಕು. ಸಿರಿಸ್ ಎಂಬ ಇನ್ನೊಂದು ಕಾಯ ಗಾತ್ರದಲ್ಲಿ ದೊಡ್ಡದು, ಆದರೂ ಇನ್ನೂ ಮಂಕು.

ಗುರುತು ಸಿಗುವುದು ಚಲನೆಯಿಂದ. ಆಕಾಶದ ನಕ್ಷೆ ತೋರಿಸುವ ಸ್ಟೆಲ್ಲೇರಿಯಂ ತಂತ್ರಾಂಶದಲ್ಲಿ ಅದಿರುವ ಜಾಗ ನೋಡಿಕೊಳ್ಳಿ. ಬೈನಾಕ್ಯುಲರನ್ನು ಸ್ಟ್ಯಾಂಡಿಗೆ ಕೂರಿಸಿ, ಕಾಣುವ ಚುಕ್ಕಿಗಳನ್ನೆಲ್ಲ ಹಾಳೆ ಮೇಲೆ ಹಾಕಿಕೊಳ್ಳಿ. ಎರಡು ದಿನ ಬಿಟ್ಟು ಮತ್ತೆ ನೋಡಿ. ನಕ್ಷತ್ರಗಳ ನಡುವೆ ಒಂದು ಚುಕ್ಕಿ ಮಾತ್ರ ಸರಿದಿರುತ್ತದೆ. ಎದುರು ದಿಕ್ಕಿನಲ್ಲಿರುವಾಗ ವೆಸ್ಟಾ ದಿನಕ್ಕೆ ಸುಮಾರು ಕಾಲು ಡಿಗ್ರಿ ಸರಿಯುತ್ತದೆ, ಅಂದರೆ ಎರಡು ದಿನಕ್ಕೆ ಹುಣ್ಣಿಮೆ ಚಂದ್ರನಷ್ಟು ಅಗಲ. ಒಂದೇ ರಾತ್ರಿ ನೋಡಿ ‘ಸಿಕ್ಕಿತು’ ಅನ್ನುವುದು ಸುಮ್ನೆ ಊಹೆ.

ಅಮಾವಾಸ್ಯೆ ಹತ್ತಿರದ ದಿನ ಆರಿಸಿ. ಕಣ್ಣು ಕತ್ತಲಿಗೆ ಹೊಂದಲು 20–30 ನಿಮಿಷ ಬೇಕು, ಅಷ್ಟು ಹೊತ್ತು ಮೊಬೈಲ್ ನೋಡಬೇಡಿ. ಗಿಣಿಗೇರಿ ಕಡೆ ಕಾರ್ಖಾನೆಗಳ ಬೆಳಕು ಇದೆ, ಬೇರೆ ದಿಕ್ಕಿನ ಹೊಲಗಳೇ ವಾಸಿ. ಆನೆಗುಂದಿ ಗುಡ್ಡ ಚೆನ್ನಾಗಿದೆ ಅಲ್ವಾ ಅನ್ನಬಹುದು. ಅಲ್ಲಿ ಚಿರತೆ, ಕರಡಿ ಓಡಾಡುತ್ತವೆ, ರಾತ್ರಿ ಬೇಡ.