ಆರೋಗ್ಯದ ಪ್ರಶ್ನಾವಳಿಯನ್ನು ಕೊರಿಯನ್ ಮಾತಾಡುವ ಹಿರಿಯರಿಗೆ ಸುಮ್ನೆ ಅನುವಾದ ಮಾಡಿಕೊಟ್ಟರೆ ಸಾಲದಾ?

ಸಾಲದು. ಎಸ್‌ಎಫ್-36 ಅನ್ನೇ ನೋಡಿ. ಅಮೆರಿಕದಲ್ಲಿ ಹುಟ್ಟಿದ ಈ 36 ಪ್ರಶ್ನೆಗಳ ಪಟ್ಟಿಯಲ್ಲಿ ಸಾಧಾರಣ ಶ್ರಮದ ಕೆಲಸಕ್ಕೆ ಗಾಲ್ಫ್, ಬೌಲಿಂಗ್ (ಕ್ರಿಕೆಟ್‌ನದ್ದಲ್ಲ, ಚೆಂಡು ಉರುಳಿಸಿ ಪಿನ್ ಬೀಳಿಸುವ ಆಟ) ಉದಾಹರಣೆ ಕೊಟ್ಟಿದ್ದಾರೆ. ಗಾಲ್ಫ್ ಕೋಲನ್ನೇ ಮುಟ್ಟದ ಅಜ್ಜಿ 'ಆಗಲ್ಲ' ಅಂದರೆ ಅಂಕ ಇಳಿಯುತ್ತದೆ, ಮೈಯಲ್ಲಿ ಶಕ್ತಿ ಇದ್ದರೂ! ಅಲ್ಲಿ ಅವರು ದಿನಾ ಮಾಡುವ ಮನೆಗೆಲಸ ಹಾಕಬೇಕು. ನಡಿಗೆಯ ಪ್ರಶ್ನೆಯಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬರಬೇಕು.

ಮನಸ್ಸಿನ ಪ್ರಶ್ನೆಗಳು ಇನ್ನೂ ಕಷ್ಟ. ಇಂಗ್ಲಿಷಿನಲ್ಲಿ ಬೇಸರಕ್ಕೆ 'ನೀಲಿ' ಅಂತಾರೆ. ಪದಶಃ ಅನುವಾದಿಸಿದರೆ ಕೊರಿಯನ್ ಅಜ್ಜನಿಗೆ ಅದು ಬರೀ ಬಣ್ಣ. ಅವರ ಮಾತು 'ತಪ್‌ತಪಾದಾ', ಎದೆ ಕಟ್ಟಿದ ಹಾಗೆ. ನಾವೂ ಎದೆ ಭಾರ ಅಂತೀವಿ, ಅಲ್ವಾ?

ಕೊರಿಯನ್ ಕ್ರಿಯಾಪದದಲ್ಲೇ ಗೌರವ ಇರುತ್ತದೆ, ಅದು ತಪ್ಪಿದರೆ ಹಿರಿಯರಿಗೆ ಬೇಜಾರು. ಅನುವಾದವನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತರಿಸಿ ಹೋಲಿಸುತ್ತಾರೆ. ಆದರೆ ಅದರಲ್ಲೂ ಸಿಗದ ತಪ್ಪುಗಳು ನಾಲ್ಕಾರು ಹಿರಿಯರ ಎದುರು ಓದಿ, 'ನಿಮಗೇನು ಅರ್ಥವಾಯಿತು?' ಅಂತ ಕೇಳಿದಾಗ ಸಿಗಬಹುದು.